ತಾತ, ಒಂದು ಜೇಡ ಕೊಡಿಸ್ತೀಯಾ?

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕೂತು ಓದುತ್ತಿರುವ ಅಜ್ಜ ಅಜ್ಜಿಯರೇ,

ದಸರೆಗೆ ಇನ್ನೂ ಮೂರು ವಾರ ಇದ್ದಾಗ ನಡೆದ ಮಾತು ಇದು. ಕೆಸರೆಯ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಕಾಫಿ ಕುಡಿಯುತ್ತಾ ಕೂತಿದ್ದೆ. ಏಳನೇ ತರಗತಿಯ ಮೊಮ್ಮಗ ಶಾಲೆಯಿಂದ ಬಂದವನು ಬ್ಯಾಗು ಕೂಡ ಇಳಿಸದೆ ನನ್ನ ಪಕ್ಕಕ್ಕೆ ಒತ್ತಿಕೊಂಡು ಕೂತ. ಏನಾದರೂ ಕೆಲಸ ಆಗಬೇಕಾದಾಗ ಮಾತ್ರ ಅವನು ಹಾಗೆ ಕೂರುವುದು.

"ತಾತ, ಒಂದು ಜೇಡ ಕೊಡಿಸ್ತೀಯಾ?"

"ಜೇಡಕ್ಕೆ ದುಡ್ಡು ಯಾಕೋ? ಬಚ್ಚಲುಮನೆ ಮೂಲೇಲಿ ನಾಲ್ಕು ಇವೆ. ಯಾವುದು ಬೇಕೋ ಆರಿಸ್ಕೋ."

"ಅದಲ್ಲ ತಾತ. ಟರಾಂಟುಲಾ. ಇಷ್ಟು ದೊಡ್ಡದು!" ಎಂದು ಅಂಗೈ ಅಗಲಿಸಿ ತೋರಿಸಿದ. ಮೊಬೈಲಿನಲ್ಲಿ ಯಾರೋ ಹುಡುಗ ಅದನ್ನು ಭುಜದ ಮೇಲೆ ಬಿಟ್ಟುಕೊಂಡಿದ್ದನ್ನು ನೋಡಿದ್ದನಂತೆ. ಅವನ ಗೆಳೆಯನ ಅಣ್ಣನಿಗೆ ಮಾರುವವರು ಗೊತ್ತಂತೆ. ಅಂಚೆಯಲ್ಲಿ ಮನೆಗೇ ಬರುತ್ತದಂತೆ. ಹುಂಡಿಯಲ್ಲಿ ಎರಡು ವರ್ಷದಿಂದ ಕೂಡಿಟ್ಟ ದುಡ್ಡು ಇದೆಯಂತೆ, ಕಡಿಮೆ ಬಿದ್ದರೆ ತಾತ ಸೇರಿಸಬೇಕಂತೆ. ಇಷ್ಟು ಹೇಳಿ ಕೊನೆಗೆ ಮೆಲ್ಲಗೆ, "ಅಮ್ಮನಿಗೆ ಈಗ್ಲೇ ಹೇಳ್ಬೇಡ" ಎಂದ.

ಬೇಡ ಎನ್ನುವುದು ಸುಲಭ. ಮೂವತ್ತು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದವನಿಗೆ ಅದು ಅಷ್ಟು ಸುಲಭವಲ್ಲ. ಜೇಡ ಎಂದರೆ ಕಿರುಚುವ ಮಕ್ಕಳೇ ಹೆಚ್ಚು. ಇವನು ಸಾಕುತ್ತೇನೆ ಎನ್ನುತ್ತಿದ್ದಾನೆ. ಆ ಕುತೂಹಲವನ್ನು ಒಂದೇ ಮಾತಿನಲ್ಲಿ ಚಿವುಟಿಹಾಕಲು ಮನಸ್ಸು ಬರಲಿಲ್ಲ.

"ಒಂದು ನೋಟ್‌ಬುಕ್ ತಗೊಂಡು ಬಾ ಮರಿ. ಅದನ್ನು ಸಾಕೋಕೆ ಏನೇನು ಬೇಕು ಅಂತ ಇಬ್ಬರೂ ಸೇರಿ ಬರೆಯೋಣ. ಎಲ್ಲ ಬರೆದಾದ ಮೇಲೂ ಬೇಕು ಅನ್ನಿಸಿದ್ರೆ ಆಮೇಲೆ ಮಾತಾಡೋಣ" ಎಂದೆ. ಆ ನೋಟ್‌ಬುಕ್ ಈಗ ನನ್ನ ಮುಂದೆ ಇದೆ. ಅದರಲ್ಲಿರುವುದನ್ನೇ ನಿಮಗೂ ಹೇಳುತ್ತೇನೆ.

ಹೆಸರು ಬಂದ ಬಗೆ

ಕನ್ನಡದಲ್ಲಿ ಜೇಡ ಎಂಬ ಮಾತಿಗೆ ನೇಕಾರ ಎಂಬ ಅರ್ಥವೂ ಇದೆ. ವಚನಕಾರ ಜೇಡರ ದಾಸಿಮಯ್ಯನ ಹೆಸರು ಕೇಳಿದ್ದೀರಲ್ಲ, ಅವನು ಬಟ್ಟೆ ನೇಯುತ್ತಿದ್ದವನು. ನೂಲು ತೆಗೆದು ಬಲೆ ನೇಯುವ ಹುಳುವಿಗೆ ನಮ್ಮ ಹಿರಿಯರು ಕೊಟ್ಟದ್ದೂ ಅದೇ ಹೆಸರು.

ಟರಾಂಟುಲಾ ಎಂಬ ಹೆಸರು ಬಂದದ್ದು ಇಟಲಿಯ ದಕ್ಷಿಣದಲ್ಲಿರುವ ಟಾರಾಂಟೊ ಎಂಬ ಊರಿನಿಂದ. ಅಲ್ಲಿನ ಹೊಲಗಳಲ್ಲಿ ಒಂದು ಜೇಡ ಇತ್ತು. ಅದು ಕಚ್ಚಿದರೆ ಸುಸ್ತಾಗುವವರೆಗೆ ಕುಣಿಯಬೇಕು, ಆಗಲೇ ವಿಷ ಇಳಿಯುವುದು ಎಂದು ಜನ ನಂಬಿದ್ದರು. ಟಾರಂಟೆಲ್ಲಾ ಎಂಬ ಕುಣಿತದ ಹೆಸರಿಗೂ ಆ ಊರೇ ಮೂಲ. ತಮಾಷೆ ಏನು ಗೊತ್ತೇ? ಆ ಜೇಡ ಇವತ್ತು ನಾವು ಟರಾಂಟುಲಾ ಎನ್ನುವ ಗುಂಪಿಗೆ ಸೇರಿದ್ದೇ ಅಲ್ಲ. ಅದು ತೋಳ ಜೇಡಗಳ ಜಾತಿಯದು. ಮುಂದೆ ಅಮೆರಿಕಕ್ಕೆ ಹೋದ ಯುರೋಪಿನವರು ಅಲ್ಲಿನ ದೊಡ್ಡ ರೋಮದ ಜೇಡಗಳನ್ನು ನೋಡಿ ಊರಿನ ಹೆಸರನ್ನೇ ಇಟ್ಟರು. ಹೆಸರು ಅಲ್ಲೇ ಉಳಿಯಿತು.

ಈಗ ಪ್ರಪಂಚದಲ್ಲಿ ಒಂದು ಸಾವಿರಕ್ಕೂ ಹೆಚ್ಚು ಬಗೆಯ ಟರಾಂಟುಲಾಗಳನ್ನು ಗುರುತಿಸಿದ್ದಾರೆ. ನಮ್ಮ ದೇಶದಲ್ಲೂ ಹಲವಾರು ಬಗೆಗಳಿವೆ. ಕೆಲವು ನೆಲದಲ್ಲಿ ಬಿಲ ತೋಡಿಕೊಂಡು ಇರುತ್ತವೆ, ಕೆಲವು ಮರದ ಪೊಟರೆಯಲ್ಲಿ. ಇವು ತೋಟದ ಜೇಡದಂತೆ ಚಕ್ರದ ಬಲೆ ಕಟ್ಟಿ ಕಾಯುವುದಿಲ್ಲ. ಬಿಲದ ಗೋಡೆಗೆ ನೂಲಿನ ಮೆತ್ತೆ ಹಾಸಿ, ಬಾಗಿಲಲ್ಲಿ ಕೂತು, ಹತ್ತಿರ ಬಂದ ಹುಳುವನ್ನು ಹಾರಿ ಹಿಡಿಯುತ್ತವೆ. ಎಂಟು ಕಣ್ಣಿದ್ದರೂ ದೃಷ್ಟಿ ಮಂದ. ಇವುಗಳಿಗೆ ಪ್ರಪಂಚ ತಿಳಿಯುವುದು ಕಾಲಿನ ರೋಮಗಳ ಮೂಲಕ, ನೆಲದ ಅದುರಿನಿಂದ.

ನೋಟ್‌ಬುಕ್ಕಿನ ಲೆಕ್ಕ

ಮೊದಲ ಪುಟದಲ್ಲಿ ಮೊಮ್ಮಗ ಬರೆದದ್ದು "ಮನೆ". ಒಂದು ಜೇಡಕ್ಕೆ ಒಂದು ಪೆಟ್ಟಿಗೆ. ಎರಡನ್ನು ಒಟ್ಟಿಗೆ ಬಿಟ್ಟರೆ ಸಾಮಾನ್ಯವಾಗಿ ಒಂದನ್ನು ಇನ್ನೊಂದು ತಿಂದುಬಿಡುತ್ತದೆ. ಬಿಲದ ಜೇಡಕ್ಕೆ ಅಗಲವಾದ, ಹೆಚ್ಚು ಎತ್ತರವಿಲ್ಲದ ಪೆಟ್ಟಿಗೆ ಬೇಕು. ತೋಡಲು ಅನುಕೂಲವಾಗುವಂತೆ ತೆಂಗಿನ ನಾರಿನ ಪುಡಿಯನ್ನು ದಪ್ಪಗೆ ತುಂಬಬೇಕು. ಮರದ ಜೇಡಕ್ಕಾದರೆ ಎತ್ತರದ ಪೆಟ್ಟಿಗೆ, ಒಳಗೆ ನಿಲ್ಲಿಸಿದ ತೊಗಟೆಯ ತುಂಡು. ಗಾಳಿಗೆ ತೂತು ಬೇಕು, ಜೇಡ ನುಸುಳುವಷ್ಟು ದೊಡ್ಡದಿರಬಾರದು. ಮುಚ್ಚಳ ಭದ್ರವಾಗಿರಬೇಕು. ಬಿಸಿಲು ನೇರವಾಗಿ ಬೀಳಬಾರದು.

"ಎತ್ತರ ಯಾಕೆ ಕಡಿಮೆ ತಾತ?" ಎಂದು ಕೇಳಿದ. ನೆಲದ ಟರಾಂಟುಲಾ ಭಾರವಾದದ್ದು, ಅದರ ಹೊಟ್ಟೆಯ ಚರ್ಮ ತೆಳು. ಒಂದು ಮೊಳ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಸಾಯಬಹುದು. ಆಗ ಅವನಿಗೆ ಭುಜದ ಮೇಲೆ ಜೇಡ ಬಿಟ್ಟುಕೊಂಡಿದ್ದ ಹುಡುಗ ನೆನಪಾದ. ಏನೂ ಹೇಳಲಿಲ್ಲ, ಪೆನ್ನಿನ ತುದಿ ಕಚ್ಚಿದ.

ಎರಡನೇ ಪುಟ "ಊಟ". ಚಿಕ್ಕ ತಟ್ಟೆಯಲ್ಲಿ ಯಾವಾಗಲೂ ಶುದ್ಧ ನೀರು. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಒಂದು ಹುಳು. ಜಿರಳೆ, ಮಿಡತೆ, ರಾತ್ರಿ ಕಿರ್ರೆನ್ನುವ ಚಿಮ್ಮಂಡೆ ಆಗುತ್ತದೆ, ಆದರೆ ಜೀವಂತ ಇರಬೇಕು. ಅಡುಗೆಮನೆಯಲ್ಲಿ ಸಿಕ್ಕಿದ ಜಿರಳೆ ಕೂಡದು, ಅದು ಔಷಧಿ ತಿಂದಿರಬಹುದು. ತಿನ್ನದೆ ಬಿಟ್ಟ ಹುಳುವನ್ನು ಮಾರನೇ ದಿನ ತೆಗೆಯಬೇಕು. ಮನೆಯಲ್ಲಿ ಜಿರಳೆ ಔಷಧಿ ಸಿಂಪಡಿಸುವಂತಿಲ್ಲ, ಪೆಟ್ಟಿಗೆಯ ಹತ್ತಿರ ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಕೀಟಕ್ಕೆ ವಿಷವಾದದ್ದು ಜೇಡಕ್ಕೂ ವಿಷ.

"ಅಮ್ಮ ಜಿರಳೆ ಸಾಕೋಕೆ ಬಿಡ್ತಾಳಾ?" ಎಂದು ಅವನೇ ಕೇಳಿಕೊಂಡ. ಅವನೇ ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದ.

ಮೂರನೇ ಪುಟ "ಕಚ್ಚಿದರೆ". ಟರಾಂಟುಲಾ ಕಚ್ಚಿ ಮನುಷ್ಯ ಸತ್ತ ದಾಖಲೆ ಇಲ್ಲ. ಹಾಗೆಂದು ಎಲ್ಲವೂ ಒಂದೇ ಅಲ್ಲ. ಅಮೆರಿಕದ ಹಲವು ಜಾತಿಗಳು ಹೆದರಿದಾಗ ಹೊಟ್ಟೆಯ ಮೇಲಿನ ಸಣ್ಣ ರೋಮಗಳನ್ನು ಹಿಂಗಾಲಿನಿಂದ ಕೆರೆದು ಗಾಳಿಗೆ ತೂರುತ್ತವೆ. ಚರ್ಮಕ್ಕೆ ತಾಗಿದರೆ ತುರಿಕೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಗೇ ಹೋಗಬೇಕು. ನಮ್ಮ ದೇಶದವಕ್ಕೆ ಆ ರೋಮಗಳಿಲ್ಲ. ಬದಲಿಗೆ ಇವು ಮಿಂಚಿನಂತೆ ಓಡುತ್ತವೆ, ವಿಷವೂ ಜೋರು. ಮರದ ಟರಾಂಟುಲಾ ಕಚ್ಚಿದವರಿಗೆ ದಿನಗಟ್ಟಲೆ ಮಾಂಸಖಂಡಗಳು ಹಿಡಿದುಕೊಂಡು ನೋವಾಗಿದ್ದುಂಟು. ಹೀಗಾಗಿ ತಿಳಿದವರು ಹೇಳುವ ಮೊದಲ ನಿಯಮ, ಕೈಯಲ್ಲಿ ಹಿಡಿಯಬೇಡಿ. ನಾಯಿ ನಮ್ಮ ಮುದ್ದನ್ನು ಬಯಸುತ್ತದೆ. ಜೇಡಕ್ಕೆ ನಮ್ಮ ಕೈ ಎಂದರೆ ಅದುರುವ ಬಿಸಿ ನೆಲ, ಅಷ್ಟೆ.

ನಾಲ್ಕನೇ ಪುಟ "ಆಯಸ್ಸು". ಗಂಡು ಟರಾಂಟುಲಾ ಬೆಳೆದ ಮೇಲೆ ಹೆಚ್ಚು ಕಾಲ ಬದುಕುವುದಿಲ್ಲ. ಹೆಣ್ಣು ಮಾತ್ರ ಇಪ್ಪತ್ತು ವರ್ಷ ದಾಟಬಲ್ಲದು. ಇವುಗಳ ದೂರದ ನೆಂಟ, ಬಾಗಿಲು ಮಾಡಿಕೊಳ್ಳುವ ಬಿಲದ ಜೇಡ ಒಂದಿದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಲ್ಲಿ ಅಂಥ ಜೇಡಗಳ ಬಿಲಗಳಿಗೆ ಸಂಖ್ಯೆಯ ಗುರುತು ಹಾಕಿ, ವರ್ಷವರ್ಷವೂ ಹೋಗಿ ನೋಡತೊಡಗಿದರು. ಅದರಲ್ಲಿ 16ನೇ ಸಂಖ್ಯೆಯ ಹೆಣ್ಣು ಜೇಡ ಬದುಕಿದ್ದು 43 ವರ್ಷ! 2016ರಲ್ಲಿ ನೋಡಿದಾಗ ಕಣಜವೊಂದು ಅದರ ಬಿಲಕ್ಕೆ ನುಗ್ಗಿದ ಗುರುತಿತ್ತು, ಜೇಡ ಇರಲಿಲ್ಲ. ಅಷ್ಟು ವರ್ಷ ಆ ವಿಜ್ಞಾನಿ ಅದನ್ನು ಪೆಟ್ಟಿಗೆಯಲ್ಲಿ ಇಟ್ಟಿರಲಿಲ್ಲ. ಅದು ಇದ್ದಲ್ಲಿಗೆ ತಾವೇ ಹೋಗುತ್ತಿದ್ದರು.

"ಈಗ ನಿನಗೆ ಹನ್ನೆರಡು. ಇಪ್ಪತ್ತು ಕೂಡಿಸು" ಎಂದೆ.

"ಮೂವತ್ತೆರಡು."

"ನಿನ್ನ ಕಾಲೇಜು, ಕೆಲಸ, ಬೇರೆ ಊರು, ಎಲ್ಲ ಅದರೊಳಗೆ ಬಂತು. ಅಷ್ಟು ದಿನ ಯಾರು ನೋಡ್ಕೋತಾರೆ?"

"ನೀನಿರ್ತೀಯಲ್ಲ ತಾತ."

"ನನಗೀಗ ಎಪ್ಪತ್ತೊಂದು ಕಣೋ."

ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. ಆಮೇಲೆ ನನ್ನ ಮುಖ ನೋಡಲಿಲ್ಲ. ಆ ಪುಟದಲ್ಲಿ ಮುಂದೆ ಏನೂ ಬರೆದಿಲ್ಲ.

ಮೇಷ್ಟ್ರು ಮಾಡಿದ ತಪ್ಪು

ಐದನೇ ಪುಟ "ಪೊರೆ". ಇದನ್ನು ಬರೆಯುವ ಮೊದಲು ಒಂದು ಹಳೆಯ ಕಥೆ ಹೇಳಬೇಕಾಯಿತು. ಇದುವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತು. ಕಾಡಂಚಿನ ಒಂದು ಊರಿನ ಶಾಲೆ. ಮಳೆಗಾಲದಲ್ಲಿ ಒಂದು ಮರ ಬಿದ್ದಿತ್ತು. ಅದರ ಪೊಟರೆಯಲ್ಲಿದ್ದ ದೊಡ್ಡ ಜೇಡವನ್ನು ಹುಡುಗರು ಡಬ್ಬದಲ್ಲಿ ಹಿಡಿದು ತಂದರು. ಅಂಗೈಯಗಲದ್ದು, ಮೈತುಂಬ ರೋಮ, ಕಾಲಿನ ಒಳಭಾಗದಲ್ಲಿ ಹಳದಿ. ನನಗೆ ಹಿಡಿಸಲಾರದಷ್ಟು ಸಂತೋಷ. ದೊಡ್ಡ ಗಾಜಿನ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ತೂತು ಕೊರೆದು, ವಿಜ್ಞಾನದ ಕೋಣೆಯ ಮೇಜಿನ ಮೇಲಿಟ್ಟೆ. ದಿನಕ್ಕೊಂದು ಮಿಡತೆ ಹಾಕಿದೆವು. ಒಂದು ವಾರವಾದ ಮೇಲೆ ಅದು ತಿನ್ನುವುದನ್ನು ನಿಲ್ಲಿಸಿತು. ಮೈಬಣ್ಣ ಮಂಕಾಯಿತು. ಒಂದು ಬೆಳಿಗ್ಗೆ ನೋಡಿದರೆ ಬೆನ್ನಡಿಯಾಗಿ ಮಲಗಿದೆ, ಎಂಟೂ ಕಾಲು ಮೇಲೆ. ಹುಡುಗರು ಅಯ್ಯೋ ಎಂದರು. ಸತ್ತಿದೆ, ಕೆಟ್ಟುಹೋಗುವ ಮೊದಲು ಇಟ್ಟುಕೊಳ್ಳೋಣ ಎಂದು ನಾನು ಅದನ್ನು ಸ್ಪಿರಿಟ್ಟಿಗೆ ಹಾಕಿ ಚೀಟಿ ಅಂಟಿಸಿದೆ.

ಎಷ್ಟೋ ವರ್ಷಗಳ ನಂತರ ಒಂದು ಪುಸ್ತಕದಲ್ಲಿ ಓದಿದೆ. ಜೇಡದ ಮೂಳೆ ಮೈ ಹೊರಗಿರುತ್ತದೆ, ಅಂದರೆ ಅದರ ಗಟ್ಟಿ ಚರ್ಮವೇ ಅದರ ಅಸ್ಥಿಪಂಜರ. ಬೆಳೆಯಬೇಕಾದರೆ ಹಳೆಯದನ್ನು ಕಳಚಲೇಬೇಕು. ಪೊರೆ ಬಿಡುವ ಮೊದಲು ಟರಾಂಟುಲಾ ಊಟ ಬಿಡುತ್ತದೆ, ಮಂಕಾಗುತ್ತದೆ, ಆಮೇಲೆ ಬೆನ್ನಡಿಯಾಗಿ ಮಲಗುತ್ತದೆ. ಕೈಗವಸಿನಿಂದ ಬೆರಳು ಬಿಡಿಸಿಕೊಂಡಂತೆ ಒಂದೊಂದೇ ಕಾಲನ್ನು ಹಳೆಯ ಪೊರೆಯಿಂದ ಎಳೆದುಕೊಳ್ಳುತ್ತದೆ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಆಗ ಅದನ್ನು ಮುಟ್ಟಬಾರದು, ಬಾಟಲಿ ಅಲುಗಿಸಬಾರದು, ಒಳಗೆ ಜೀವಂತ ಹುಳು ಬಿಟ್ಟಿರಬಾರದು. ಮೆತ್ತಗಿರುವ ಹೊಸ ಮೈಯನ್ನು ಒಂದು ಚಿಮ್ಮಂಡೆ ಕೂಡ ಕಡಿದು ಕೊಲ್ಲಬಲ್ಲದು. ಸತ್ತ ಟರಾಂಟುಲಾ ಸಾಮಾನ್ಯವಾಗಿ ಹಾಗೆ ಬೆನ್ನಡಿಯಾಗಿ ಮಲಗಿರುವುದಿಲ್ಲ. ಕಾಲುಗಳನ್ನು ಒಳಕ್ಕೆ ಮುದುರಿಕೊಂಡು ಬಿದ್ದಿರುತ್ತದೆ.

ಅಂದರೆ ನಾನು ಸ್ಪಿರಿಟ್ಟಿಗೆ ಹಾಕಿದ್ದು ಸತ್ತ ಜೇಡವನ್ನಲ್ಲ. ಹೊಸ ಮೈ ಪಡೆಯಲು ಮಲಗಿದ್ದ ಜೇಡವನ್ನು.

ಕಥೆ ಮುಗಿದ ಮೇಲೆ ಮೊಮ್ಮಗ ಬಹಳ ಹೊತ್ತು ಸುಮ್ಮನಿದ್ದ. "ನಿನಗೆ ಗೊತ್ತಿರ್ಲಿಲ್ಲ ಅಲ್ವಾ ತಾತ" ಎಂದ. ಹೌದು, ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳದೆ ಜೀವವನ್ನು ಮನೆಗೆ ತರಬಾರದು ಎನ್ನುವುದಕ್ಕೇ ಈ ನೋಟ್‌ಬುಕ್ ಮರಿ, ಎಂದೆ.

ಮೈಸೂರಿನ ಹೆಸರಿನ ಜೇಡ

ಆರನೇ ಪುಟ "ಎಲ್ಲಿಂದ ಬರುತ್ತದೆ?" ಈ ಪುಟ ಅವನನ್ನು ಕುರ್ಚಿಯ ತುದಿಗೆ ತಂದಿತು. ಯಾಕೆಂದರೆ ನಮ್ಮ ಊರಿನ ಹೆಸರಿನದೇ ಒಂದು ಟರಾಂಟುಲಾ ಇದೆ. ಅದರ ವೈಜ್ಞಾನಿಕ ಹೆಸರು ಪೀಸಿಲೋಥೀರಿಯಾ ಸ್ಟ್ರಿಯೇಟಾ, ಹೊರದೇಶದವರು ಕರೆಯುವುದು ಮೈಸೂರು ಆರ್ನಮೆಂಟಲ್ ಎಂದು. 1895ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಆರ್. ಐ. ಪೋಕಾಕ್ ಇದನ್ನು ಹೊಸ ಜಾತಿ ಎಂದು ವಿವರಿಸಿದರು. ಬೂದು ಬಿಳಿ ಮೈಮೇಲೆ ಕಪ್ಪು ಚಿತ್ತಾರ, ಮರದ ತೊಗಟೆಗೆ ಅಂಟಿ ಕೂತರೆ ಕಾಣುವುದೇ ಇಲ್ಲ. ಪಶ್ಚಿಮಘಟ್ಟದ ಹಳೆಯ ಮರಗಳ ಪೊಟರೆಗಳಲ್ಲಿ ಇರುತ್ತದೆ. ಈ ಪೀಸಿಲೋಥೀರಿಯಾ ಗುಂಪಿನ ಜೇಡಗಳು ಇಡೀ ಪ್ರಪಂಚದಲ್ಲಿ ಕಾಡಿನಲ್ಲಿ ಕಾಣಸಿಗುವುದು ಭಾರತ ಮತ್ತು ಶ್ರೀಲಂಕಾಗಳಲ್ಲಿ ಮಾತ್ರ.

ಇದರ ಅಕ್ಕತಂಗಿಯೊಂದು ನೀಲಿ ಬಣ್ಣದ್ದು. ಬಳ್ಳಾರಿಯಿಂದ ಆಚೆ, ಗುಂತಕಲ್ಲಿನ ಹತ್ತಿರ ಗುತ್ತಿ ಎಂಬ ಊರಿದೆಯಲ್ಲ, ಅಲ್ಲಿನ ರೈಲ್ವೆಯವರ ಮರದ ದಾಸ್ತಾನಿನಲ್ಲಿ ಅದು ಸಿಕ್ಕಿತು. 1899ರಲ್ಲಿ ಪೋಕಾಕ್ ಅವರೇ ಅದಕ್ಕೆ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಆಂಧ್ರದ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಮರದ ದಿಮ್ಮಿಗಳ ಜೊತೆ ಅದು ರೈಲು ಹತ್ತಿ ಗುತ್ತಿಗೆ ಬಂದಿದ್ದಿರಬೇಕು. ಅಷ್ಟು ಚೆಂದದ ನೀಲಿ ಜೇಡವನ್ನು ಜನ ಸುಮ್ಮನೆ ಬಿಟ್ಟಾರೆಯೇ? ಹೊರದೇಶಗಳಲ್ಲಿ ಸಾಕುವವರ ಪೆಟ್ಟಿಗೆಗಳಲ್ಲಿ ಅದು ಇವತ್ತು ಸಾಮಾನ್ಯ. ಅದರ ಸ್ವಂತ ಕಾಡಿನಲ್ಲಿ ಮಾತ್ರ ಅಳಿವಿನ ಅಂಚಿನಲ್ಲಿದೆ. ಮರ ಕಡಿದದ್ದು ಒಂದು ಕಾರಣ, ಹಿಡಿದು ಮಾರಿದ್ದು ಇನ್ನೊಂದು.

ಅದಕ್ಕಾಗಿಯೇ 2019ರಲ್ಲಿ ಪೀಸಿಲೋಥೀರಿಯಾ ಗುಂಪನ್ನೆಲ್ಲ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿಸಿದರು. ಈಗ ಅವುಗಳನ್ನು ದೇಶದಿಂದ ದೇಶಕ್ಕೆ ಸಾಗಿಸಲು ಸರ್ಕಾರದ ಅನುಮತಿ ಪತ್ರ ಬೇಕು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಸಾಕುವವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಅದರ ನಿಯಮಗಳು 2024ರಲ್ಲಿ ಬಂದವು. ಅಭಯಾರಣ್ಯದಿಂದ ಜೇಡವಿರಲಿ, ಯಾವ ಜೀವಿಯನ್ನೂ ಎತ್ತಿ ತರುವುದು ಅಪರಾಧ.

"ನಾನು ತರಿಸೋದು ಅಂಚೆಯಲ್ಲಿ ಅಲ್ವಾ?" ಎಂದ. ಅದಕ್ಕೂ ಒಂದು ಕಥೆ ಇದೆ. 2021ರ ಜುಲೈನಲ್ಲಿ ಚೆನ್ನೈ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡಿನಿಂದ ಬಂದ ಒಂದು ಅಂಚೆ ಪಾರ್ಸೆಲ್ ಬಿಚ್ಚಿದರು. ಥರ್ಮೋಕೋಲ್ ಪೆಟ್ಟಿಗೆಯೊಳಗೆ ಹತ್ತಿ ಮತ್ತು ಬೆಳ್ಳಿ ಹಾಳೆ ಸುತ್ತಿದ 107 ಪುಟ್ಟ ಪ್ಲಾಸ್ಟಿಕ್ ಸೀಸೆಗಳು. ಒಂದೊಂದರಲ್ಲೂ ಒಂದೊಂದು ಜೀವಂತ ಜೇಡ! ಅಮೆರಿಕ ಖಂಡದ ಟರಾಂಟುಲಾಗಳು. ಅನುಮತಿಯಾಗಲಿ ಆರೋಗ್ಯದ ಪತ್ರವಾಗಲಿ ಇರಲಿಲ್ಲ. ಅವನ್ನು ವಶಪಡಿಸಿಕೊಂಡು ಪೋಲೆಂಡಿಗೇ ವಾಪಸು ಕಳಿಸಲು ಅಂಚೆಯವರಿಗೆ ಒಪ್ಪಿಸಿದರು.

"ಎರಡು ಸಲ ವಿಮಾನದಲ್ಲಿ, ಸೀಸೇಲಿ..." ಎಂದ ಮೊಮ್ಮಗ. ಅಷ್ಟಕ್ಕೆ ನೋಟ್‌ಬುಕ್ ಮುಚ್ಚಿದ. ಬೇಡ ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಪಟ್ಟದ ಬೊಂಬೆಯ ಟ್ರಂಕು

ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ ಅಟ್ಟದಿಂದ ಬೊಂಬೆ ಇಳಿಸಿದೆವು. ನನ್ನ ಹೆಂಡತಿಗೆ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಬೊಂಬೆಗಳು ಒಂದು ಹಳೆಯ ಟ್ರಂಕಿನಲ್ಲಿ, ಪಂಚೆಯಲ್ಲಿ ಸುತ್ತಿಕೊಂಡು ಇರುತ್ತವೆ. ಟ್ರಂಕಿನ ಕೊಂಡಿ ಮುರಿದು ವರ್ಷವಾಗಿದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಅವಳು ಮುಚ್ಚಳ ಎತ್ತಿದ್ದೇ ತಡ, "ಅಯ್ಯಯ್ಯೋ, ರೀ!" ಎಂದು ಕೂಗಿಕೊಂಡಳು. ಮುಚ್ಚಳದ ಒಳಗೋಡೆಯ ಮೇಲೆ ಅಂಗೈಯಗಲದ ಜೇಡ.

"ಟರಾಂಟುಲಾ!" ಮೊಮ್ಮಗ ಓಡಿಬಂದ.

ಅಲ್ಲ. ಟರಾಂಟುಲಾ ದಪ್ಪ, ಇದು ಚಪ್ಪಟೆ. ಕಾಲುಗಳು ಏಡಿಯಂತೆ ಪಕ್ಕಕ್ಕೆ ಚಾಚಿವೆ. ಮುಖದ ಅಡ್ಡಕ್ಕೆ ಬಿಳಿ ಮೀಸೆಯಂಥ ಪಟ್ಟಿ. ಇದು ನಮ್ಮೆಲ್ಲರ ಮನೆಯ ಗಡಿಯಾರದ ಹಿಂದೆ, ಕ್ಯಾಲೆಂಡರಿನ ಹಿಂದೆ ಇರುವ ಬೇಟೆಗಾರ ಜೇಡ, ಹೆಟೆರೊಪೋಡಾ ವೆನಟೋರಿಯಾ. ಬಲೆ ಕಟ್ಟುವುದಿಲ್ಲ. ರಾತ್ರಿ ಓಡಾಡಿ ಜಿರಳೆ ಹಿಡಿದು ತಿನ್ನುತ್ತದೆ. ಕಚ್ಚಿದರೆ ನೋವಾಗುತ್ತದೆ, ಅಪಾಯವಿಲ್ಲ. ತಾನಾಗಿ ಮೈಮೇಲೆ ಬರುವುದಿಲ್ಲ.

ಇಷ್ಟು ಹೇಳುವಷ್ಟರಲ್ಲಿ ನನ್ನಾಕೆಯ ಕೈಗೆ ಪೊರಕೆ ಬಂದಿತ್ತು. ಹುಡುಗ ಟ್ರಂಕಿನ ಮುಂದೆ ಅಡ್ಡ ನಿಂತ.

"ಅಜ್ಜಿ, ತಡಿ! ಹೊಟ್ಟೆ ಕೆಳಗೆ ನೋಡು."

ಬಿಳಿ ಬಿಲ್ಲೆಯಂಥದ್ದೊಂದನ್ನು ಅದು ಎದೆಗೆ ಅವುಚಿಕೊಂಡಿತ್ತು. ಮೊಟ್ಟೆಯ ಚೀಲ. ಅದರಲ್ಲಿ ನೂರಾರು ಮೊಟ್ಟೆ ಇರುತ್ತವೆ. ಒಡೆಯುವವರೆಗೆ ತಾಯಿ ಅದನ್ನು ಹೊತ್ತುಕೊಂಡೇ ಇರುತ್ತದೆ, ಆ ದಿನಗಳಲ್ಲಿ ಸಾಮಾನ್ಯವಾಗಿ ಊಟವನ್ನೂ ಮಾಡುವುದಿಲ್ಲ.

ಪೊರಕೆ ನಿಧಾನವಾಗಿ ಕೆಳಗಿಳಿಯಿತು. "ಬಸುರಿ ಅಂದ್ಮೇಲೆ ಹೊಡೆಯೋದು ಹೇಗೆ?" ಎಂದಳು. ಆಮೇಲೆ ಅವಳೇ ಮೊಮ್ಮಗನಿಗೆ ಶ್ರೀಕಾಳಹಸ್ತಿಯ ಕಥೆ ಹೇಳಿದಳು. ಶ್ರೀ ಎಂದರೆ ಅಲ್ಲಿ ಜೇಡ, ಕಾಳ ಎಂದರೆ ಹಾವು, ಹಸ್ತಿ ಎಂದರೆ ಆನೆ. ಮೂರೂ ಶಿವನನ್ನು ಪೂಜಿಸಿ ಮುಕ್ತಿ ಪಡೆದವಂತೆ. "ಶಿವನ ಮೇಲೆ ಎಲೆ ಬೀಳದ ಹಾಗೆ ಬಲೆ ಕಟ್ಟಿತ್ತಂತೆ. ಇದು ನನ್ನ ಪಟ್ಟದ ಬೊಂಬೆ ಕಾದಿದೆ ಅಂದ್ಕೋತೀನಿ ಬಿಡಿ."

ಬೊಂಬೆಗಳನ್ನು ಮೆಲ್ಲಗೆ ಎತ್ತಿಕೊಂಡೆವು. ಟ್ರಂಕನ್ನು ಮುಚ್ಚಳ ಅರ್ಧ ತೆರೆದು ಮೆಟ್ಟಿಲ ಕೆಳಗೆ ಇಟ್ಟೆವು. ಇನ್ನೊಂದು ಕಷ್ಟ ಇತ್ತು. ಹಬ್ಬಕ್ಕೆ ಮುಂಚೆ ಮನೆಗೆಲ್ಲ ಜಿರಳೆ ಔಷಧಿ ಹೊಡೆಸಲು ಸೊಸೆ ಹೇಳಿಟ್ಟಿದ್ದಳು. ಮೊಮ್ಮಗ ಅಮ್ಮನ ಹಿಂದೆ ಮುಂದೆ ಸುತ್ತಿದ. ಅವಳು ಕೊನೆಗೆ ಒಂದು ಷರತ್ತು ಹಾಕಿದಳು. "ದಿನಾ ರಾತ್ರಿ ಅಡುಗೆಮನೆ ಕಟ್ಟೆ ಒರೆಸಿ, ಕಸದ ಡಬ್ಬ ಹೊರಗಿಡೋದು ನಿನ್ನ ಕೆಲಸ. ಒಂದು ಜಿರಳೆ ಕಂಡ್ರೂ ಔಷಧಿಯವನಿಗೆ ಫೋನ್ ಮಾಡ್ತೀನಿ." ಅವನು ಒಪ್ಪಿದ. ಎರಡು ದಿನ ಮರೆತದ್ದು ಬಿಟ್ಟರೆ ಹಬ್ಬ ಮುಗಿಯುವವರೆಗೂ ಮಾಡಿದ. ಮಕ್ಕಳೇ, ಜೇಡ ಸಾಕುವುದು ಎಂದರೆ ಅಡುಗೆಮನೆ ಒರೆಸುವುದು ಎಂದು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ.

ಒಂದು ತಪ್ಪನ್ನೂ ಮಾಡಿದ. ಮೂರನೇ ದಿನ ಗೆಳೆಯರನ್ನು ಕರೆತಂದು ಟಾರ್ಚ್ ಬಿಟ್ಟು ಬಿಟ್ಟು ತೋರಿಸಿದ. ರಾತ್ರಿ ನೋಡಿದರೆ ಟ್ರಂಕು ಖಾಲಿ. ಅವನು ಅಳುತ್ತಾ ಮಲಗಿದ. ಎರಡು ದಿನವಾದ ಮೇಲೆ ಚಪ್ಪಲಿ ಗೂಡಿನ ಹಿಂದೆ ಆ ತಾಯಿ ಬಿಲ್ಲೆ ಹೊತ್ತುಕೊಂಡು ಕೂತಿದ್ದಳು. ಅಂದಿನಿಂದ ಅವನು ದಿನಕ್ಕೆ ಒಂದು ಸಲ, ದೂರದಿಂದ, ಉಸಿರು ಹಿಡಿದು ನೋಡಿ, ತಾರೀಖು ಬರೆದು ಬರುತ್ತಿದ್ದ.

ವಿಜಯದಶಮಿಯ ರಾತ್ರಿ. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಮುಗಿದು ಪಟಾಕಿಯ ಸದ್ದು ನಮ್ಮ ಬೀದಿಗೂ ಕೇಳುತ್ತಿತ್ತು. "ತಾತ, ಬೇಗ ಬಾ!" ಎಂದು ಪಿಸುಗುಟ್ಟಿದ. ಚಪ್ಪಲಿ ಗೂಡಿನ ಹಿಂದಿನ ಗೋಡೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಮರಿಗಳು. ನನ್ನಾಕೆ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಇಷ್ಟೊಂದು ಮಕ್ಕಳಾ!" ಎಂದವಳು ಕಿಟಕಿ ತೆರೆದಿಟ್ಟಳು. ಮೂರು ದಿನದಲ್ಲಿ ಮರಿಗಳು ಚದುರಿಹೋದವು. ಉಳಿದದ್ದು ಖಾಲಿ ಬಿಲ್ಲೆ. ಅದು ಈಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅಂಟಿಕೊಂಡಿದೆ.

ಹುಂಡಿಯ ದುಡ್ಡಿನಲ್ಲಿ ಅವನೊಂದು ಭೂತಕನ್ನಡಿ ಕೊಂಡ. ಮೊನ್ನೆ ಬೊಂಬೆ ಎತ್ತಿಡುವಾಗ ನಾನು ಟ್ರಂಕಿನ ಕೊಂಡಿ ಸರಿಮಾಡಿಸುತ್ತೇನೆ ಎಂದೆ. "ಏನೂ ಬೇಡ, ಹಾಗೇ ಇರಲಿ" ಎಂದಳು ನನ್ನಾಕೆ.

ನೀವೂ ಮಾಡಿ ನೋಡಿ

1. ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಒಂದು ಜೇಡವನ್ನು ಆರಿಸಿಕೊಳ್ಳಿ. ಕಿಟಕಿಯಲ್ಲಿ ಪುಟಪುಟನೆ ಹಾರುವ ಜೇಡವಾದರೂ ಸರಿ. ಒಂದು ತಿಂಗಳು ದಿನಕ್ಕೊಮ್ಮೆ ನೋಡಿ, ಏನು ಮಾಡುತ್ತಿತ್ತು ಎಂದು ಒಂದು ಸಾಲು ಬರೆಯಿರಿ.

2. ಮುಟ್ಟಬೇಡಿ, ಬಾಟಲಿಗೆ ಹಾಕಬೇಡಿ. ಹೊರಗೆ ಬಿಡಲೇಬೇಕಾದರೆ ದೊಡ್ಡವರನ್ನು ಕರೆಯಿರಿ. ಮೇಲೆ ಲೋಟ ಕವುಚಿ, ಕೆಳಗೆ ಒಂದು ರಟ್ಟು ತೂರಿಸಿ, ಅಂಗಳಕ್ಕೆ ಒಯ್ದು ಬಿಡಬಹುದು. ಮೊಟ್ಟೆಯ ಚೀಲ ಹೊತ್ತಿದ್ದರೆ ಕೆಲವು ದಿನ ಕಾಯಿರಿ.

3. ಜೇಡ ಕಚ್ಚಿದರೆ ಸೋಪು ನೀರಿನಲ್ಲಿ ತೊಳೆದು, ತಣ್ಣನೆಯ ಬಟ್ಟೆ ಇಡಿ. ನೋವು ಹೆಚ್ಚಾದರೆ, ಊತ ಹರಡಿದರೆ, ಮೈ ಹಿಡಿದುಕೊಂಡರೆ ತಡ ಮಾಡದೆ ವೈದ್ಯರ ಬಳಿಗೆ ಹೋಗಿ. ಮನೆಯಲ್ಲಿ ಯಾರಿಗೂ ಹೇಳದೆ ಮುಚ್ಚಿಡಬೇಡಿ.

4. ನಿಮ್ಮ ಮನೆಯಲ್ಲೋ ಪರಿಚಯದವರಲ್ಲೋ ಈಗಾಗಲೇ ಟರಾಂಟುಲಾ ಇದ್ದರೆ ಹೆದರಿ ಹೊರಗೆ ಬಿಡಬೇಡಿ. ಪರದೇಶದ ಜೀವಿಗೆ ನಮ್ಮ ತೋಟ ಮನೆಯಲ್ಲ. ದೊಡ್ಡವರಿಗೆ ಹೇಳಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಮೇಲೆ ಬರೆದ ಹಾಗೆ ನೋಡಿಕೊಳ್ಳಿ. ಬೆನ್ನಡಿಯಾಗಿ ಮಲಗಿದ್ದರೆ ದಯವಿಟ್ಟು ಮುಟ್ಟಬೇಡಿ. ಈ ಮೇಷ್ಟ್ರು ಮಾಡಿದ ತಪ್ಪನ್ನು ನೀವು ಮಾಡಬೇಡಿ.

5. ಅಜ್ಜ ಅಜ್ಜಿಯರಿಗೊಂದು ಕೋರಿಕೆ. ದೀಪಾವಳಿಗೆ ಮನೆ ಗುಡಿಸುವಾಗ ಪೊರಕೆ ಎತ್ತುವ ಮೊದಲು ಮೊಮ್ಮಕ್ಕಳನ್ನು ಒಮ್ಮೆ ಕರೆದು ತೋರಿಸಿ. ನಿಮ್ಮ ಕಾಲದಲ್ಲಿ ಜೇಡದ ಬಗ್ಗೆ ಕೇಳಿದ ಕಥೆಯಿದ್ದರೆ ಹೇಳಿ.

ನಿಮ್ಮ ಮನೆಯ ಜೇಡ ಎಲ್ಲಿದೆ, ಏನು ಮಾಡುತ್ತಿದೆ ಎಂದು ನನಗೆ ಕಾಗದ ಬರೆಯುತ್ತೀರಲ್ಲ? ಮೊಮ್ಮಗ ಅವನ್ನೆಲ್ಲ ನೋಟ್‌ಬುಕ್ಕಿಗೆ ಅಂಟಿಸಲು ಕಾದು ಕೂತಿದ್ದಾನೆ.

ನಿಮ್ಮ ಪ್ರೀತಿಯ,
ಕೆಸರೆ ತಾತ